ಯಾರ ಕಿವಿ, ಯಾರ ಹಣೆ

ಇವತ್ತು ಬೆಳಿಗ್ಗೆ ಕಟ್ಟಿಸಿದ ಹಲ್ಲನ್ನು ನೀರಿನ ಲೋಟದಲ್ಲೇ ಬಿಟ್ಟು ಮೊಮ್ಮಗನ ತೊಟ್ಟಿಲಿಗೆ ಬಗ್ಗಿದೆ. ಅವನು ಬೊಚ್ಚುಬಾಯಿ ಬಿಟ್ಟು ನಕ್ಕ. ನಾನೂ ಬೊಚ್ಚುಬಾಯಿ ಬಿಟ್ಟೆ. “ಅಯ್ಯ, ಎರಡೂ ಒಂದ ಅಚ್ಚಿನ್ವು!” ಎಂದಳು ಹಿಂದೆ ನಿಂತಿದ್ದ ಹೆಂಡತಿ. ನನಗೆ ದೇವದುರ್ಗದ ಅತ್ತೆಯ ಮನೆಯ ಗೋಡೆ ನೆನಪಾಯಿತು.

ನಾನು ರಾಯಚೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದವನು. ಜೀವಿಗಳನ್ನು ಒಟ್ಟು ಹೋಲಿಕೆಯಿಂದ ವಿಂಗಡಿಸುವ ಪಾಠ ನನಗೆ ಬಲು ಪ್ರೀತಿ. ಅಲ್ಲಿ ವಂಶ ಕೇಳುವ ಹಾಗಿಲ್ಲ. ಕಾಣುವ ಲಕ್ಷಣಗಳನ್ನೆಲ್ಲ ಬರೆಯಬೇಕು, ಎಲ್ಲಕ್ಕೂ ಒಂದೇ ತೂಕ ಕೊಡಬೇಕು, ಹೆಚ್ಚು ಹೊಂದಿದವು ಒಂದು ಗುಂಪು. ಇದನ್ನು ಕಪ್ಪೆಗಳಿಗೇ ಬಿಟ್ಟಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು, ನೋಡಿ.

ಚೊಚ್ಚಲ ಮಗ ಹುಟ್ಟಿದ್ದು ಹೆಂಡತಿಯ ತವರು ದೇವದುರ್ಗದಲ್ಲಿ. ಮಾನ್ವಿಯಿಂದ ನಮ್ಮವ್ವ ಬಂದಳು. ಅವ್ವನೂ ಅತ್ತೆಯೂ ಗಂಡನನ್ನು ಕಳೆದುಕೊಂಡವರು. ಕೂಸು ತೀರಿಹೋದ ಯಾವ ಹಿರಿಯನನ್ನು ಹೋಲುತ್ತದೋ ಅವನ ಹೆಸರು ಅದಕ್ಕೆ, ಇದು ಎರಡೂ ಮನೆಯ ಪದ್ಧತಿ. ನಮ್ಮಪ್ಪ ಬಸಪ್ಪ, ಮಾವ ಅಮರಪ್ಪ.

“ಕಿವಿ ನೋಡ್ರಿ ಬೀಗತಿ, ಥೇಟ್ ನಮ್ಮನಿಯವರವು,” ಎಂದಳು ಅವ್ವ.

“ಕಿವಿ ತಗೊಂಡು ಏನ್ ಮಾಡ್ತೀರಿ? ಹಣಿ ನೋಡ್ರಿ. ನಮ್ಮನಿಯವರ ಬಂದು ಮಲಗ್ಯಾರ,” ಎಂದರು ಅತ್ತೆ.

ಮಾತು ಬೆಳೆದು ಇಬ್ಬರೂ ಊಟ ಬಿಟ್ಟರು. ನಾನು ಸೀಮೆಸುಣ್ಣ ಹಿಡಿದೆ. ಮಾವನ ಫೋಟೋ ಕೆಳಗಿಳಿಸಿ, ಅವ್ವ ತಂದಿದ್ದ ಅಪ್ಪನ ಫೋಟೋ ಪಕ್ಕಕ್ಕಿಟ್ಟು, ಗೋಡೆಯ ಮೇಲೆ ಗೆರೆ ಎಳೆದು, ಕೂಸಿನ ಲಕ್ಷಣ ಬರೆಯತೊಡಗಿದೆ. ಕೂದಲಿಲ್ಲ. ಹಲ್ಲಿಲ್ಲ. ಎದುರಿಗಿದ್ದವರು ಮಾತಾಡುವಾಗಲೇ ನಿದ್ದೆ. ಎದ್ದ ಕೂಡಲೇ ಹಾಲಿಗಾಗಿ ರಂಪ. ಫೋಟೋದಲ್ಲೋ ಇಬ್ಬರಿಗೂ ರುಮಾಲು, ಹುರಿಮೀಸೆ! ಒಂದೂ ಹೊಂದಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಮುದುಕ ಇಮಾಮ್ ಸಾಬರು ತಮ್ಮ ಮನೆಯ ತೊಟ್ಟಿಲು ಕೊಡಲು ಬಂದರು. ಟೋಪಿ ತೆಗೆದು ಬೋಳುತಲೆ ಒರೆಸಿಕೊಂಡು, ಬೊಚ್ಚುಬಾಯಿಂದ ನಕ್ಕು ಕೂತರು. ನಾನು ನನ್ನ ಲೆಕ್ಕ ವಿವರಿಸುತ್ತಿದ್ದಂತೆ ಗೊರಕೆ ಹೊಡೆದರು. ಎಚ್ಚೆತ್ತು, “ಚಾ ಎಲ್ಲದ?” ಎಂದು ಗದರಿದರು. ಗೋಡೆಯ ಮೇಲಿನ ನಾಲ್ಕೂ ಲಕ್ಷಣ ಹೊಂದಿದವು.

“ಶಾಸ್ತ್ರದ ಪ್ರಕಾರ ಕೂಸು ಇಮಾಮ್ ಸಾಬರ ಗುಂಪಿಗೆ ಸೇರ್ತದ!” ಎಂದುಬಿಟ್ಟೆ.

“ತೌಬಾ, ತೌಬಾ! ಈ ವಯಸ್ಸಿನ್ಯಾಗ ನನಗ್ಯಾಕ ಈ ಅಪವಾದ ಮಾಸ್ತರ?” ಎಂದು ಅವರು ತೊಟ್ಟಿಲು ಬಿಟ್ಟು ಓಡಿದರು.

ಒಳಗಿನಿಂದ ಬಾಣಂತಿ ಕೂಗಿದಳು: “ಯಾರನ್ನರ ಹೋಲಲಿ. ನೀವಿಬ್ಬರೂ ಗಂಡನ ಹೆಸರ ಬಾಯಾಗ ತರಂಗಿಲ್ಲ. ನಾಳಿ ಕೂಸಿನ್ನ ಹೆಂಗ ಕರೀತೀರಿ?”

ಅವ್ವ ಕೂಸಿನ ಮುಖ ಮತ್ತೊಮ್ಮೆ ನೋಡಿದಳು. ಆಮೇಲೆ ಅವ್ವ ಮೆಲ್ಲಗೆ, “ಬೀಗತಿ, ಹಣಿ ನೋಡಿದ್ರ ನಿಮ್ಮನಿಯವರದ ಅದ ಬಿಡ್ರಿ,” ಎಂದಳು. “ಛೇ, ಕಿವಿ ಪೂರಾ ನಿಮ್ಮವರವು!” ಎಂದರು ಅತ್ತೆ. ಅದೇ ಕೂಸು, ಅದೇ ಮುಖ, ಜಗಳ ಮಾತ್ರ ತಿರುಗುಮುರುಗು. ಕಡೆಗೆ ಅಮರಬಸವ ಎಂದು ಹೆಸರಿಟ್ಟೆವು. ಅವ್ವನಿಗೆ ಅವನು ಅಮರ, ಅತ್ತೆಗೆ ಬಸವ. ಒಮ್ಮೆ ಮಾತ್ರ, ಅವನು ಜ್ವರದಲ್ಲಿ ಕಣ್ಣು ಮುಚ್ಚಿ ಮಲಗಿದ್ದಾಗ, ಅವ್ವ ಅವನ ಕಿವಿಯಲ್ಲಿ, “ಬಸವಾ, ಕಣ್ಣ ತೆರಿಯೋ ಯಪ್ಪಾ,” ಎಂದದ್ದು ನನಗೆ ಕೇಳಿಸಿತು. ಅವನು ಕಣ್ಣು ತೆರೆದ. ಅವ್ವ ನಾಚಿ ಸೆರಗು ಎಳೆದುಕೊಂಡಳು. ನನಗೆ ಅಳು ಬಂತು.

ಆ ಅಮರಬಸವ ಈಗ ಶಕ್ತಿನಗರದಲ್ಲಿ ಇಂಜಿನಿಯರು. ತೊಟ್ಟಿಲಲ್ಲಿರುವುದು ಅವನ ಮಗ. ನಾಳೆ ಹೆಸರಿಡುವುದು.

“ಎಲ್ಲಾ ನನ್ನಂಗ ಅದಾನ. ನನ್ನ ಹೆಸರ ಇಟ್ಟರ ಹೆಂಗ?” ಎಂದು ಹೆಂಡತಿಯನ್ನು ಕೆಣಕಿದೆ.

ಅವಳು ನಗಲಿಲ್ಲ. “ಬ್ಯಾಡ. ನೀವಿನ್ನೂ ಅದೀರಿ,” ಎಂದು ಲೋಟ ನನ್ನ ಕೈಗಿಟ್ಟಳು. “ಮೊದಲ ಹಲ್ಲು ಹಾಕ್ಕೋರಿ.”

ಹಾಕಿಕೊಂಡು ಮತ್ತೆ ತೊಟ್ಟಿಲಿಗೆ ಬಗ್ಗಿ ನಕ್ಕೆ. ಇದ್ಯಾವ ಪ್ರಾಣಿಯೋ ಎಂದು ಮೊಮ್ಮಗ ಕಿಟಾರನೆ ಕಿರುಚಿದ.