ಗುರುಗುಂಟಾದ ಗೋಡೆಯ ಮೇಲಿನ ಕಣ್ಣು

ದೇಶ ದೇಶ ತಿರುಗಿ ಫೋಟೊ ತೆಗೆಯುವುದು ನನ್ನ ಕಸುಬು. ಲಿಂಗಸುಗೂರಿನ ಮನೆಗೆ ಬಂದಿದ್ದಾಗ ಗುರುಗುಂಟಾದ ಸಂಗಪ್ಪ ಕಾಕಾನ ಹೆಂಡತಿ ತೀರಿಕೊಂಡಳು. ಆಧಾರ್ ಕಾರ್ಡಿನ ಮಸುಕು ಮುಖ ಬಿಟ್ಟರೆ ಅವಳದೊಂದೂ ಫೋಟೊ ಇರಲಿಲ್ಲ. ನಮ್ಮ ಪದ್ಧತಿಯಂತೆ ಹೆಣಕ್ಕೆ ಹಣೆತುಂಬ ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಾಗೇ ಒಂದು ಫೋಟೊ ತೆಗೆದೆ.

ಮಣ್ಣಾದ ಮೇಲೆ ಕಾಕಾ ಬಂದ. "ಕಣ್ಣು ಮುಚ್ಯಾವಲ್ಲೋ ತಮ್ಮಾ. ತೆರದಂಗ ಮಾಡಿಕೊಡು."

ಬೇರೆಯವರ ಕಣ್ಣು ಕೂರಿಸಿ ಹಾಗೆ ಮಾಡಿಕೊಡುವುದು ನಮ್ಮ ಕಡೆಯ ಸ್ಟುಡಿಯೊಗಳಲ್ಲಿ ರೂಢಿ. "ಎಂಥಾ ಕಣ್ಣಿದ್ವು ಕಾಕಾ?" ಎಂದೆ.

"ದಿನಾ ನೋಡೀನಿ. ಹೇಳಾಕ ಬರವಲ್ದು."

ಲ್ಯಾಪ್‌ಟಾಪ್ ತೆರೆದೆ. ಕೆನ್ಯಾದ ಸಿಂಹ, ಇಸ್ತಾಂಬುಲ್ಲಿನ ಬೆಕ್ಕುಗಳನ್ನೆಲ್ಲ ದಾಟಿ, ಮೊರಾಕ್ಕೊದ ಸಂತೆಯಲ್ಲಿ ಪುದೀನ ಮಾರುವ ಮುದುಕಿ ಬಂದಳು. ಕೇಳದೆ ಫೋಟೊ ತೆಗೆದೆನೆಂದು ನನ್ನನ್ನು ದುರುಗುಟ್ಟಿ ನೋಡುತ್ತಿದ್ದಳು.

"ಇವೇ ನೋಡು," ಎಂದ ಕಾಕಾ. "ನಾ ತಡಾ ಮಾಡಿ ಮನಿಗೆ ಬಂದ್ರ ಹಿಂಗೇ ನೋಡತಿದ್ಲು." ಆಮೇಲೆ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ.

ಆ ಕಣ್ಣನ್ನೇ ಕೂರಿಸಿ ಕೊಟ್ಟೆ. ಈಗ ಕಾಕಾ ಸಂಜೆಯಾಗುವ ಮೊದಲೇ ಮನೆ ಸೇರಿ, ಆ ಫೋಟೊಕ್ಕೆ ಊದಿನಕಡ್ಡಿ ಹಚ್ಚುತ್ತಾನೆ. ಪುದೀನದವಳು ಅಲ್ಲಿ ತನ್ನ ಸಂತೆಯಲ್ಲಿ ಇನ್ನೂ ಯಾರನ್ನೋ ದುರುಗುಟ್ಟುತ್ತಿರಬೇಕು.