ರೋಶನ್ ಒಯ್ದ ಮಾಡೆಲ್ 12

ಕಡಲಾಚೆಯ ಟ್ರುಗನಿನಾ ಎಂಬ ಊರಿನ ಗೋದಾಮುಗಳ ನಡುವೆ ಕೋವಿ ರಿಪೇರಿ ಮಾಡುವ ಉಡುಪಿಯವನೊಬ್ಬ ಇದ್ದಾನೆಂದರೆ ಕನ್ನಡ ಸಂಘದವರು ನಗುತ್ತಾರೆ. ನಗಲಿ ಬಿಡಿ. ಯಾದವ ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸದಲ್ಲಿದ್ದಾನೆ, ಇಪ್ಪತ್ತೆರಡು ವರ್ಷವೂ ಹೆದರಿಕೊಂಡೇ ಮಾಡಿದ್ದಾನೆ. ಖಾಲಿ ಕೋವಿಯನ್ನೂ ಮೂರು ಸಲ ತೆರೆದು ನೋಡುವ ಪುಕ್ಕಲ. ಹೆಂಡತಿ ಕುಸುಮಾವತಿ ಹಾಗೆಂದು ಛೇಡಿಸಿದರೆ ಇಲ್ಲವೆನ್ನುವುದಿಲ್ಲ.

ಅಮೆರಿಕದ ಹಳೆಯ ಪಂಪ್ ಕೋವಿಗಳ ಸುದ್ದಿ ತೆಗೆದರೆ ಮಾತ್ರ ಅವನ ಬಾಯಿ ನಿಲ್ಲದು. ನಳಿಗೆಯಡಿಯ ಹಿಡಿಕೆಯನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರೆ ಹೊಸ ತೋಟಾ ಏರುವ ಕೋವಿಗಳಿವು. ಇಥಾಕಾ 37 ಖಾಲಿ ತೋಟಾವನ್ನು ಹೊಟ್ಟೆಯಡಿಯಿಂದ ಉದುರಿಸುತ್ತದೆ. ಎಡಚರಿಗೆ ಹೇಳಿ ಮಾಡಿಸಿದ್ದು. ರೆಮಿಂಗ್ಟನ್ 870 ಒರಟು, ಆದರೆ ಸಹನೆಯುಳ್ಳದ್ದು: ಪ್ರತಿ ಗುಂಡಿಗೂ ಟ್ರಿಗರ್ ಬಿಟ್ಟು ಮತ್ತೆ ಒತ್ತಬೇಕು. ವಿಂಚೆಸ್ಟರ್ ಮಾಡೆಲ್ 12 ಬೆಣ್ಣೆಯ ಹಾಗೆ ಜಾರುತ್ತದೆ. ಟ್ರಿಗರ್ ಬಿಡದೆ ಹಿಡಿಕೆ ತಳ್ಳಿದಿರೋ, ಆ ಕ್ಷಣವೇ ಗುಂಡು ಹಾರಿಬಿಡುತ್ತದೆ.

ಆ ಶನಿವಾರ ಬೆಳಿಗ್ಗೆ, ಬ್ಯಾಲನ್ ಎಂಬ ಹಳ್ಳಿಯ ಹತ್ತಿರ ಕುರಿ ಸಾಕುವ ಕಾರ್ಕಳದ ರೋಶನ್ ಐದು ವರ್ಷ ಬಳಸಿದ 870 ಯಾದವನ ಅಂಗಡಿಗೆ ಕೊಟ್ಟು ಬದಲಿಗೆ ಮಾಡೆಲ್ 12 ಒಯ್ದ. ನರಿ ಅವನ ಕುರಿಮರಿಗಳನ್ನು ಹೊತ್ತೊಯ್ಯುತ್ತಿತ್ತು. ಲೈಸೆನ್ಸು, ಪರ್ಮಿಟ್ಟು, ಬೀಗದ ಪೆಟ್ಟಿಗೆ, ಎಲ್ಲದರ ಮಾತೂ ಆಯಿತು. ಟ್ರಿಗರಿನ ಮಾತೊಂದು ಬಿಟ್ಟುಹೋಯಿತು. ನೆನಪಾಗುವಾಗ ರೋಶನ್ ಹೊಸಿಲು ದಾಟಿ ಕಾರಿನತ್ತ ನಡೆದಿದ್ದ. ಹೊರಟವರನ್ನು ಹಿಂದಿನಿಂದ ಕರೆಯಬಾರದೆಂದು ಅಜ್ಜಿ ಕಲಿಸಿದ್ದು ಯಾದವನ ನಾಲಿಗೆ ಹಿಡಿಯಿತು. ಕೋವಿ ಹಿಡಿದು ಹೊರಟವನನ್ನಂತೂ ಸರ್ವಥಾ ಕರೆಯಬಾರದು. ಆಮೇಲೆ ಫೋನ್ ಮಾಡಿದರಾಯಿತು ಎಂದುಕೊಂಡ.

ಮಧ್ಯಾಹ್ನ ಮಾಡಿದಾಗ ಫೋನ್ ಹತ್ತಲಿಲ್ಲ. ಒಂದು ಗಂಟೆ ಹೊತ್ತು ಮತ್ತೆ ಮತ್ತೆ ಮಾಡಿದ. ರೋಶನನ ಜಮೀನಿನಲ್ಲಿ ನೆಟ್‌ವರ್ಕ್ ಸಿಗದೆಂದು ಆಗ ನೆನಪಾಯಿತು. 870ರಲ್ಲಿ ಟ್ರಿಗರ್ ಒತ್ತಿಕೊಂಡೇ ಹಿಡಿಕೆ ತಳ್ಳಿದರೂ ಏನೂ ಆಗದು. ಐದು ವರ್ಷದ ಆ ಅಭ್ಯಾಸ ಒಂದು ಬೆಳಿಗ್ಗೆಯಲ್ಲಿ ಹೋಗುತ್ತದೆಯೇ? ನರಿ ಎಲ್ಲಿದೆಯೆಂದು ತೋರಿಸಲು ಪಕ್ಕದಲ್ಲಿ ನಿಲ್ಲುವವಳು ಅವನ ಹೆಂಡತಿ ನಿರೀಕ್ಷಾ. ಯಾದವ ಅಂಗಡಿಗೆ ಬೀಗ ಜಡಿದು ಕಾರು ಹತ್ತಿದ. ಫ್ರೀವೇಯುದ್ದಕ್ಕೂ ಅವನ ಕಣ್ಣಮುಂದೆ ಆ ಹುಡುಗಿಯೇ.

ಜಮೀನಿನ ಗೇಟು ತೆಗೆಯುವಾಗ ಒಂದು ಗುಂಡಿನ ಸದ್ದು ಕೇಳಿಸಿತು. ಹೊಂಡದ ದಂಡೆಯಲ್ಲಿ ರೋಶನ್ ಬೆನ್ನು ತೋರಿಸಿ ನಿಂತಿದ್ದ, ಬಲಕ್ಕೆ ಹತ್ತು ಹೆಜ್ಜೆ ದೂರದಲ್ಲಿ ನಿರೀಕ್ಷಾ. ಕರೆದರೆ ತಿರುಗುತ್ತಾನೆ, ಜೊತೆಗೆ ಕೋವಿಯೂ ತಿರುಗುತ್ತದೆ. ಇಷ್ಟು ಯಾದವನಿಗೆ ಗೊತ್ತಾಗಬೇಕಿತ್ತು. ಆದರೆ ಹೆದರಿಕೆ ಬುದ್ಧಿಗಿಂತ ಮುಂದೆ ಓಡಿತು. ಎದೆ ಬಿರಿಯುವಂತೆ ರೋಶನನ ಹೆಸರು ಕೂಗಿಯೇಬಿಟ್ಟ. ರೋಶನ್ ಹಿಡಿಕೆ ತಳ್ಳುತ್ತಲೇ ಬಲಕ್ಕೆ ತಿರುಗಿದ. ಎರಡನೇ ಗುಂಡು ಹಾರಿತು.

ನಿರೀಕ್ಷಾಳ ಕಾಲಿನಿಂದ ಎರಡಡಿ ಈಚೆ ನೆಲ ಕಿತ್ತುಬಂದಿತ್ತು. ಅವಳು ಅಲ್ಲೇ ಕುಸಿದು ಕೂತಳು. ಯಾದವ ಓಡಿಬಂದು ಕೋವಿ ಕಸಿದು ತೋಟಾಗಳನ್ನು ಇಳಿಸಿದ.

"ಅಂಗಡಿಯಲ್ಲೇ ನೆನಪಾಗಿತ್ತು, ರೋಶನ್. ಈ ಕೋವಿಯಲ್ಲಿ ಟ್ರಿಗರ್ ಬಿಡ್ಬೇಕು. ನೀನು ಹೊರಟಾಗಿತ್ತು. ನಾನು ಕರೀಲಿಲ್ಲ."

ಕೇಳಿದವಳು ನಿರೀಕ್ಷಾ, ಮೈಮೇಲಿನ ಮಣ್ಣನ್ನೂ ಕೊಡವದೆ.

"ಎಂತದಕ್ಕೆ ಕರೀಲಿಲ್ಲ, ಯಾದವಣ್ಣ?"

ನಿಮಗೆ ಕೆಡುಕಾಗಬಾರದು ಅಂತ. ಉತ್ತರವೇನೋ ಇಷ್ಟೇ ಇತ್ತು. ಅದನ್ನು ಹೇಳುವ ಬದಲು ಯಾದವ ಖಾಲಿ ಕೋವಿಯನ್ನು ಮತ್ತೊಮ್ಮೆ ತೆರೆದು ನೋಡಿದ.