ಕೂಸಿಗೂ ಒಂದು ಪರವಾನಗಿ

ಐವತ್ತರ ದಶಕದ ನಡುವಿನ ಮಾತು. ಮೊದಲ ಬಾಣಂತನಕ್ಕೆಂದು ನಾನು ಮಲಯಾದಿಂದ ಬೆಟ್ಟದಪುರದ ತವರಿಗೆ ಬಂದಿದ್ದೆ. ನನ್ನ ಗಂಡ ಅಲ್ಲಿ ರಬ್ಬರ್ ತೋಟವೊಂದರಲ್ಲಿ ಗುಮಾಸ್ತರು. ನಮಗಿಬ್ಬರಿಗೂ ಅಲ್ಲೇ ನೆಲೆಸುವ ಹಕ್ಕು ಸಿಕ್ಕಿತ್ತು. ಆದರೆ ಊರಿಗೆ ಹೊರಡುವವರು ಮರಳಿ ಬರುವ ಪರವಾನಗಿ ಪಡೆದೇ ಹೊರಡಬೇಕಿತ್ತು. ಹಡಗು ಹತ್ತಿಸುವಾಗಲೂ ನನ್ನ ಗಂಡನದು ಅದೇ ಮಾತು: "ವರ್ಷ ತುಂಬೋಕೆ ಮುಂಚೆ ಬಂದುಬಿಡು. ತಪ್ಪಿದ್ರೆ ಮತ್ತೆ ಮೊದಲಿಂದ ಅರ್ಜಿ ಹಾಕ್ಬೇಕು. ಕೊಡ್ತಾರೋ ಇಲ್ವೋ."

ಮಗಳು ಹುಟ್ಟಿದಳು. ಎಣ್ಣೆನೀರು, ಸಾಂಬ್ರಾಣಿ ಹೊಗೆ, ಅವ್ವನ ಕೈಯ ಮೆಣಸಿನ ಸಾರು. ದಿನ ಹೋದದ್ದೇ ತಿಳಿಯಲಿಲ್ಲ. ಗಂಡನ ಕಾಗದ ಬಂದಾಗ ಎಚ್ಚೆತ್ತೆ. ಪರವಾನಗಿ ನನ್ನೊಬ್ಬಳಿಗೆ ಮಾತ್ರ. ಇಲ್ಲಿ ಹುಟ್ಟಿದ ಕೂಸಿಗೆ ಬೇರೆಯೇ ಅನುಮತಿ ಬೇಕಂತೆ. ಅವರು ಅರ್ಜಿ ಹಾಕಿದ್ದರು, ಉತ್ತರ ಬಂದಿರಲಿಲ್ಲ.

ಅವ್ವನಿಗೆ ಒಳಗೊಳಗೇ ಸಂತೋಷ. "ಮಗೀನ ನಂತಾವ ಬುಟ್ಟೋಗು. ಆಮೇಲ್ ಬಂದು ಕರ್ಕಂಡೋಗೀವಂತೆ."

"ಆಲು ಕುಡಿಯೋ ಕೂಸು ಕಣವ್ವ, ಎಂಗ್ ಬುಟ್ಟೋಗ್ಲಿ?"

"ಯಾಕೆ, ನಮ್ಮನೇಲಿ ಅಸ ಇಲ್ವಾ?"

ನನಗೆ ನಗುವೂ ಬಂತು, ಅಳುವೂ ಬಂತು. ಪರವಾನಗಿ ಹೋದರೆ ಹೋಗಲಿ, ಕೂಸನ್ನು ಬಿಟ್ಟು ಹೊರಡುವುದಿಲ್ಲ ಎಂದುಬಿಟ್ಟೆ.

ಅಪ್ಪ ಎದ್ದು ನಿಂತರು. "ಇಬ್ರೂ ಸುಮ್ಕಿರಿ. ಮೊದ್ಲು ಪಾಸ್‌ಪೋರ್ಟ್‌ಗೆ ಮಗೀನ ಎಸ್ರು ಸೇರಿಸ್ಬೇಕು. ಉಣಸೂರಿಗೋಗಿ ತಾಯಿ-ಮಗೀದು ಪಟ ತಗ್ಸನ."

ಸ್ಟುಡಿಯೋದಲ್ಲಿ ಮಗಳು ಕ್ಯಾಮೆರಾ ಬಿಟ್ಟು ಮತ್ತೆಲ್ಲವನ್ನೂ ನೋಡಿದಳು. ಫೋಟೋದವನು ಗಿಲಕಿ ಆಡಿಸಿ ಸೋತ. ನಾಲ್ಕು ಜನರೆದುರು ಎಂದೂ ರುಮಾಲು ತೆಗೆಯದ ಅಪ್ಪ, ಆ ದಿನ ಅದನ್ನು ತೆಗೆದು ಕ್ಯಾಮೆರಾದ ಹಿಂದೆ ಬಾವುಟದ ಹಾಗೆ ಬೀಸಿದರು. ಮಗಳು ಕಣ್ಣರಳಿಸಿ ನಕ್ಕಳು. ಪಟ ತೆಗೆದಾಯಿತು.

ಅದನ್ನು ಹಿಡಿದು ಬೆಂಗಳೂರಿಗೆ ಹೋದೆವು. ನನ್ನ ಪಾಸ್‌ಪೋರ್ಟಿನಲ್ಲಿ ಅವಳ ಹೆಸರು ಸೇರಿತು. ಮಲಯಾದ ಅನುಮತಿಯೂ ನನ್ನ ಗಡುವು ಮುಗಿಯುವ ಮುಂಚೆಯೇ ಬಂತು.

ಕೂಸನ್ನು ಇಟ್ಟುಕೊಳ್ಳುತ್ತೇನೆಂದಿದ್ದ ಅವ್ವನೇ ಹಳೆಯ ಮೆತ್ತನೆ ಸೀರೆಗಳನ್ನು ಹರಿದು ಹಡಗಿನ ದಾರಿಗೆ ಬಟ್ಟೆ ಮಡಿಸಿಟ್ಟಳು, ಹುರಿಹಿಟ್ಟು ಕಟ್ಟಿಕೊಟ್ಟಳು. ಬಸ್ಸಿನ ಕಿಟಕಿಯಲ್ಲಿ ಕೈ ತೂರಿಸಿ ಮೊಮ್ಮಗಳ ಕೆನ್ನೆ ಮುಟ್ಟಿ, "ಇನ್ನೊಂದ್ ಸಲ ಬರೋವಾಗ ಇಬ್ರಿಗೂ ಪರವಾನ್ಗಿ ತಕ್ಕಂಡೇ ಒಲ್ಡು ಕಣವ್ವ" ಎಂದಳು.

ಮಲಯಾದ ಪಿನಾಂಗ್ ಬಂದರಿನಲ್ಲಿ ಅಧಿಕಾರಿ ಎರಡೂ ಅನುಮತಿ ನೋಡಿ ಮುದ್ರೆ ಒತ್ತಿದ. ಹೊರಗೆ ನನ್ನ ಗಂಡ ಕಾಯುತ್ತಿದ್ದರು. ಮಗಳನ್ನು ಎತ್ತಿಕೊಳ್ಳುವುದು ಹೇಗೆಂದು ತಿಳಿಯದೆ ಎರಡೂ ಕೈ ಚಾಚಿ ನಿಂತೇ ಇದ್ದರು. ನಾನೇ ಅವಳನ್ನು ಆ ಕೈಗಳಲ್ಲಿ ಮಲಗಿಸಿದೆ.